ಹಟ್ಟಿ ಚಿನ್ನಕ್ಕೆ ಗ್ರಾಂ ಲೆಕ್ಕ ಇದೆ, ನಮ್ಮ ಮಕ್ಕಳ ತೂಕಕ್ಕೆ?

ನಮ್ಮ ದೇಶದ ಎಕಾನಮಿ ಜಗತ್ತಲ್ಲಿ ನಾಲ್ಕನೇದಾ ಐದನೇದಾ ಅಂತ ಟಿವಿಲಿ, ವಾಟ್ಸಾಪ್ ಗ್ರೂಪಲ್ಲಿ ಜನ ಕಿತ್ತಾಡೋದನ್ನ ನೋಡಿ ನೋಡಿ ಇದನ್ನ ಬರೀಲೇಬೇಕು ಅನ್ನಿಸ್ತು, ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಿದ್ರೆ ಓದಿ. ಜಿಡಿಪಿ, ಅಂದ್ರೆ ದೇಶದ ಒಟ್ಟು ಉತ್ಪಾದನೆಯ ಲೆಕ್ಕ, ಬೆಳೀತಿರೋದು ಸುಳ್ಳಲ್ಲ, ಬೆಳೀಬಾರ್ದು ಅಂತಾನೂ ನಾನು ಹೇಳ್ತಿಲ್ಲ. ಆದ್ರೆ ಇದೇ ಭಾರತ 2025ರಲ್ಲಿ ಬಂದ ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ವರದಿಲಿ, ಅಂದ್ರೆ ಜನರ ಆಯಸ್ಸು, ಓದು, ಆದಾಯ ಮೂರನ್ನೂ ಸೇರಿಸಿ ಅಳೆಯೋ ಪಟ್ಟಿಲಿ, 193 ದೇಶಗಳ ಪೈಕಿ 130ನೇ ಸ್ಥಾನದಲ್ಲಿದೆ. 2022ರಲ್ಲಿ ಸಾಲ ಕಟ್ಟೋಕಾಗದೆ ಕೈಚೆಲ್ಲಿದ ಶ್ರೀಲಂಕಾ 89ರಲ್ಲಿದೆ. ಈ ಎರಡನೇ ಲೆಕ್ಕದ ಬಗ್ಗೆ ಯಾರೂ ಕಿತ್ತಾಡಲ್ಲ ಯಾಕೆ ಅನ್ನೋದೇ ನನಗೆ ಸಂಕಟ.

ನಾನು ರಾಯಚೂರು ಜಿಲ್ಲೆಯವಳು, ಅದಕ್ಕೇ ಈ ವಿಷಯ ಬಂದ್ರೆ ಸುಮ್ನಿರೋಕಾಗಲ್ಲ. ನಮ್ಮ ಜಿಲ್ಲೆಲಿ ಏನಿಲ್ಲ ಹೇಳಿ? ಒಂದು ಕಡೆ ಕೃಷ್ಣಾ, ಇನ್ನೊಂದು ಕಡೆ ತುಂಗಭದ್ರಾ, ಮಧ್ಯ ನಾವು. ಸಿಂಧನೂರು, ಮಾನ್ವಿ ಕಡೆ ಕಾಲುವೆ ನೀರಿಗೆ ಭತ್ತ, ಕಪ್ಪು ನೆಲದಲ್ಲಿ ಹತ್ತಿ. ಹಟ್ಟಿಲಿ ಚಿನ್ನ, ಅದೂ ಈಗ ದೇಶದ ಗಣಿಗಳಿಂದ ಬರೋ ಚಿನ್ನದಲ್ಲಿ ಬಹುಪಾಲು ಅಲ್ಲಿಂದಾನೇ. ಶಕ್ತಿನಗರದಲ್ಲಿ 1720 ಮೆಗಾವ್ಯಾಟ್‌ನ ಆರ್‌ಟಿಪಿಎಸ್ ವಿದ್ಯುತ್ ಸ್ಥಾವರ, ಅಲ್ಲಿನ ಕಲ್ಲಿದ್ದಲು ಉರಿದು ಎಷ್ಟೋ ವರ್ಷ ಈ ರಾಜ್ಯಕ್ಕೆ ಬೆಳಕು ಕೊಟ್ಟಿದೆ. ಚಿನ್ನ, ಕರೆಂಟು, ಅನ್ನ, ಬಟ್ಟೆ, ನಾಲ್ಕೂ ಕೊಡೋ ಜಿಲ್ಲೆ. 2005ರ ಕರ್ನಾಟಕ ಮಾನವ ಅಭಿವೃದ್ಧಿ ವರದಿ ತೆಗೆದು ನೋಡಿ, ಆಗ ಇದ್ದ 27 ಜಿಲ್ಲೆಗಳಲ್ಲಿ ರಾಯಚೂರು ಕೊನೇದು. 2011ರ ಜನಗಣತಿಲಿ ರಾಜ್ಯದ ಸಾಕ್ಷರತೆ 75.36 ಪರ್ಸೆಂಟ್ ಇದ್ರೆ ನಮ್ಮ ಜಿಲ್ಲೆದು 59.56, ಹೆಂಗಸರದ್ದು ಮಾತ್ರ ನೋಡಿದ್ರೆ 48.73, ಅಂದ್ರೆ ಅರ್ಧಕ್ಕಿಂತ ಹೆಚ್ಚು ಹೆಣ್ಮಕ್ಕಳಿಗೆ ತಮ್ಮ ಹೆಸರಿನ ಕಾಗದ ಓದೋಕೆ ಬರ್ತಿರಲಿಲ್ಲ. ಇಷ್ಟು ಉತ್ಪಾದನೆ ಆಗೋ ಜಾಗದಲ್ಲಿ ಜನ ಹೀಗಿದಾರೆ ಅಂದ್ರೆ, ಉತ್ಪಾದನೆ ಅಳೆಯೋ ಅಂಕಿಯಿಂದ ಜನರ ಸ್ಥಿತಿ ಗೊತ್ತಾಗಲ್ಲ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ?

ಇದನ್ನ ನಾನೇ ಹೊಸದಾಗಿ ಹೇಳ್ತಿಲ್ಲ. ಅಮೆರಿಕದಲ್ಲಿ ರಾಷ್ಟ್ರೀಯ ಆದಾಯದ ಲೆಕ್ಕ ಹಾಕಿದ ಸೈಮನ್ ಕುಜ್ನೆಟ್ಸ್ 1934ರಲ್ಲೇ ಅಲ್ಲಿನ ಸಂಸತ್ತಿಗೆ ಕೊಟ್ಟ ವರದಿಲಿ, ಈ ಅಂಕಿ ಇಟ್ಕೊಂಡು ದೇಶದ ಜನ ಎಷ್ಟು ಚೆನ್ನಾಗಿದಾರೆ ಅಂತ ಹೇಳೋಕಾಗಲ್ಲ ಅಂತ ಎಚ್ಚರಿಸಿದ್ರು. ಲೆಕ್ಕ ಕಟ್ಟಿದವರೇ ಹೇಳಿದ ಮಾತು. ನಮ್ಮಲ್ಲಿ ಬ್ರಿಟಿಷರ ಕಾಲದಲ್ಲೇ ಭಾರತದ ರಾಷ್ಟ್ರೀಯ ಆದಾಯ ಲೆಕ್ಕ ಹಾಕಿದವರಲ್ಲಿ ವಿ.ಕೆ.ಆರ್.ವಿ. ರಾವ್ ಮುಖ್ಯರು, ಮುಂದೆ ನಮ್ಮ ಪಕ್ಕದ ಬಳ್ಳಾರಿಯಿಂದ ಲೋಕಸಭೆಗೆ ಹೋದ್ರು, ಕೇಂದ್ರದಲ್ಲಿ ಶಿಕ್ಷಣ ಮಂತ್ರಿ ಆದ್ರು, ಬೆಂಗಳೂರಲ್ಲಿ ಐಸೆಕ್ ಅನ್ನೋ ಸಂಶೋಧನಾ ಸಂಸ್ಥೆ ಕಟ್ಟಿದ್ರು. ಆದಾಯ ಅಳೆದ ಮನುಷ್ಯ ಶಿಕ್ಷಣದ ಖಾತೆ ಹಿಡಿದಿದ್ದು ನನಗೆ ತುಂಬಾ ಇಷ್ಟವಾದ ವಿಷಯ.

ಈಗ ಜಿಡಿಪಿ ಲೆಕ್ಕ ಹೇಗೆ ನಡೆಯುತ್ತೆ ಅಂತ ಒಂದೇ ಒಂದು ಉದಾಹರಣೆ ನೋಡೋಣ. ಸರ್ಕಾರಿ ಶಾಲೆಲಿ ಪಾಠಕ್ಕೆ ಬೆಲೆ ಕಟ್ಟಿ ಮಾರೋದಿಲ್ಲ ಅಲ್ವಾ, ಅದಕ್ಕೆ ರಾಷ್ಟ್ರೀಯ ಲೆಕ್ಕದಲ್ಲಿ ಆ ಶಾಲೆಯ ಉತ್ಪಾದನೆ ಅಂದ್ರೆ ಅದಕ್ಕೆ ಆದ ಖರ್ಚು, ಅದರಲ್ಲಿ ಹೆಚ್ಚಿನದು ಮೇಷ್ಟ್ರ ಸಂಬಳ. ಐದನೇ ಕ್ಲಾಸಿನ ಹುಡುಗಿಗೆ ಭಾಗಾಕಾರ ಬಂತಾ ಇಲ್ವಾ, ಅದರಿಂದ ಒಂದು ಪೈಸೆ ಹೆಚ್ಚೂ ಆಗಲ್ಲ ಕಡಿಮೆನೂ ಆಗಲ್ಲ. ಹೊಸ ರೂಮ್ ಕಟ್ಟಿದ್ರೆ ಬಂಡವಾಳ ಹೂಡಿಕೆ ಅಂತ ಸೇರುತ್ತೆ, ಆ ರೂಮಲ್ಲಿ ಪಾಠ ಮಾಡೋ ಪೋಸ್ಟು ಖಾಲಿ ಇದ್ರೆ ಅದು ಎಲ್ಲೂ ಮೈನಸ್ ಆಗಲ್ಲ.

ಇನ್ನೊಂದು, ಗುಳೆ. ದೇವದುರ್ಗ, ಲಿಂಗಸುಗೂರು ಕಡೆಯಿಂದ ಸುಗ್ಗಿ ಮುಗಿದ ಮೇಲೆ ಗಂಡ ಹೆಂಡತಿ ಗಂಟುಮೂಟೆ ಕಟ್ಕೊಂಡು ಬೆಂಗಳೂರಿಗೆ ಬಸ್ ಹತ್ತುತ್ತಾರೆ, ಬಿಲ್ಡಿಂಗ್ ಕೆಲಸಕ್ಕೆ. ಅವರು ಎತ್ತಿದ ಗೋಡೆ ಬೆಂಗಳೂರು ನಗರ ಜಿಲ್ಲೆಯ ಉತ್ಪನ್ನಕ್ಕೆ ಸೇರುತ್ತೆ, ಆ ಜಿಲ್ಲೆಯ ತಲಾ ಆದಾಯ ನಮ್ಮ ಭಾಗಕ್ಕಿಂತ ಹಲವು ಪಟ್ಟು ಅಂತ ಆರ್ಥಿಕ ಸಮೀಕ್ಷೆಲಿ ಪ್ರತಿ ವರ್ಷ ಅಚ್ಚಾಗುತ್ತೆ. ಜೊತೆಗೆ ಹೋದ ಎಂಟು ವರ್ಷದ ಮಗು ಇಲ್ಲಿನ ಶಾಲೆಲಿ ಹಾಜರಿ ಪುಸ್ತಕದಲ್ಲಿ ಹೆಸರಾಗಿ ಮಾತ್ರ ಉಳ್ಕೊಳ್ಳುತ್ತೆ, ಅಲ್ಲಿ ಶೆಡ್ಡಲ್ಲಿ ತಮ್ಮನ್ನ ಎತ್ಕೊಂಡು ಕೂತಿರುತ್ತೆ. ಆ ಮಗು ಕಳ್ಕೊಂಡ ವರ್ಷ ಯಾವ ಜಿಲ್ಲೆಯ ಲೆಕ್ಕಕ್ಕೂ ಬರಲ್ಲ!

ಹೆಂಗಸರ ಮನೆಗೆಲಸದ ಬಗ್ಗೆ ಎಲ್ಲರೂ ಹೇಳಿದಾರೆ, ನಾನು ಜಾಸ್ತಿ ಎಳೆಯಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಸಂಬಳ ಇಲ್ಲದ ಮನೆಗೆಲಸ ಮಾಡೋ ಹೆಂಗಸರು ದಿನಕ್ಕೆ 289 ನಿಮಿಷ ಅದಕ್ಕೇ ಕೊಡ್ತಾರೆ, ಮಾಡೋ ಗಂಡಸರು 88 ನಿಮಿಷ. ಹತ್ತಿ ಬಿಡಿಸೋಕೆ ಹೋಗಿ ಬಂದ ಮೇಲೆ ರೊಟ್ಟಿ ಬಡಿಯೋ ಹೆಂಗಸಿನ ಅರ್ಧ ದಿನ ಮಾತ್ರ ದೇಶದ ಆದಾಯ, ಉಳಿದ ಅರ್ಧ ದಿನ ಲೆಕ್ಕದಲ್ಲೇ ಇಲ್ಲ.

ಸರಿ, ಜಿಡಿಪಿ ಬೇಡ ಅಂದ್ರೆ ಏನಳೀಬೇಕು? ತುಂಬಾ ಜನ ಭೂತಾನ್ ಹೆಸರು ಹೇಳ್ತಾರೆ, ಸಂತೋಷ ಅಳೆಯೋಣ ಅಂತಾರೆ. ಭೂತಾನದವರು ಸುಮ್ನೆ ಖುಷಿಯಾಗಿದೀರಾ ಅಂತ ಕೇಳಲ್ಲ, ಒಂಬತ್ತು ವಿಭಾಗದಲ್ಲಿ 33 ಸೂಚ್ಯಂಕ ಇಟ್ಕೊಂಡು ಆರೋಗ್ಯ, ಓದು, ನಿದ್ದೆ, ಕೆಲಸದ ಹೊತ್ತು ಎಲ್ಲಾ ಕೇಳ್ತಾರೆ, ಅದು ಗಂಭೀರ ಕೆಲಸ, ಗೌರವ ಇದೆ. ಆದ್ರೆ ಪ್ರತಿ ಮಾರ್ಚಲ್ಲಿ ಬರೋ ಜಗತ್ತಿನ ಸಂತೋಷದ ವರದಿ ಇದೆಯಲ್ಲ, ನಿಮ್ಮ ಬದುಕಿಗೆ ಸೊನ್ನೆಯಿಂದ ಹತ್ತರೊಳಗೆ ಎಷ್ಟು ಮಾರ್ಕ್ಸ್ ಕೊಡ್ತೀರಿ ಅಂತ ಜನರನ್ನೇ ಕೇಳಿ ಮಾಡೋ ರ‍್ಯಾಂಕು, ಅದರ ಮೇಲೆ ನನಗೆ ನಂಬಿಕೆ ಇಲ್ಲ. ಯಾಕೆ ಅಂತ ಹೇಳ್ತೀನಿ.

ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಒಂದು ಹಳೇ ಸಮೀಕ್ಷೆ ಎತ್ತಿ ತೋರಿಸ್ತಾರೆ. 1944, ಬಂಗಾಳದ ಭೀಕರ ಬರಗಾಲ ಆದ ಮಾರನೇ ವರ್ಷ, ಕಲ್ಕತ್ತಾ ಹತ್ತಿರದ ಸಿಂಗೂರಲ್ಲಿ ಹೆಂಡತಿ ಸತ್ತ ಗಂಡಸರನ್ನೂ ಗಂಡ ಸತ್ತ ಹೆಂಗಸರನ್ನೂ ನಿಮ್ಮ ಆರೋಗ್ಯ ಹೇಗಿದೆ ಅಂತ ಕೇಳಿದ್ರು. ಗಂಡಸರಲ್ಲಿ ನೂರಕ್ಕೆ 48.5 ಜನ ಚೆನ್ನಾಗಿಲ್ಲ ಅಂದ್ರು. ವಿಧವೆಯರಲ್ಲಿ ಹಾಗಂದಿದ್ದು ನೂರಕ್ಕೆ 2.5 ಮಾತ್ರ. ಆ ಕಾಲದ ವಿಧವೆಯರ ಊಟ, ಉಪವಾಸ, ಬಾಳು ಹೇಗಿತ್ತು ಅಂತ ನಮಗೆಲ್ಲಾ ಗೊತ್ತಿದೆ. ತನಗೆ ಕೇಳೋ ಹಕ್ಕಿದೆ ಅಂತಾನೇ ಗೊತ್ತಿಲ್ಲದವರು ಕೊರತೆ ಹೇಳಲ್ಲ.

ನಮ್ಮ ದೊಡ್ಡವ್ವನೂ ಹಾಗೇ. ಊರಲ್ಲಿ ಹೆಲ್ತ್ ಕ್ಯಾಂಪ್ ಆದಾಗ ನಾನೇ ಕರ್ಕೊಂಡು ಹೋಗಿದ್ದೆ, "ನನಗೇನಾಗ್ಯದ ಬೇ, ಕಲ್ಲಿದ್ದಂಗ ಅದೀನಿ, ಸುಮ್ನ ಕರ್ಕೊಂಡು ಬಂದಿ" ಅಂತ ದಾರಿಯುದ್ದಕ್ಕೂ ಬೈದ್ಲು. ರಕ್ತ ನೋಡಿದ್ರೆ ಹಿಮೋಗ್ಲೋಬಿನ್ ಬರೀ ಏಳು, ತೀರಾ ಕಡಿಮೆ. ಅವಳನ್ನ ಹತ್ತರಲ್ಲಿ ಎಷ್ಟು ಅಂತ ಕೇಳಿದ್ರೆ ಎಂಟು ಕೊಟ್ಟಿರೋಳು, ಸಂಶಯಾನೇ ಇಲ್ಲ.

ಅದಕ್ಕೇ ನಾನು ಹೇಳೋದು, ಮನಸ್ಸನ್ನ ಕೇಳೋಕೆ ಮುಂಚೆ ಮೈಯನ್ನ ಅಳೀರಿ. ರಕ್ತ, ತೂಕ, ಎತ್ತರ, ಕುಡಿಯೋ ನೀರು, ಓದೋಕೆ ಬರುತ್ತಾ ಇಲ್ವಾ. ಇವೆಲ್ಲಾ ಸಂಕೋಚಕ್ಕೆ ಸುಳ್ಳು ಹೇಳಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಅದನ್ನೇ ಮಾಡಿತ್ತು. 2019-21ರ ಐದನೇ ಸುತ್ತಿನಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ 65.5 ಪರ್ಸೆಂಟ್‌ಗೆ ರಕ್ತಹೀನತೆ ಇತ್ತು, ಹಿಂದಿನ ಸುತ್ತಲ್ಲಿ ಅದು 60.9. ಆ ನಡುವಿನ ವರ್ಷಗಳಲ್ಲಿ ರಾಜ್ಯದ ಆದಾಯ ಏರಿದೆ, ಐಟಿ ರಫ್ತು ಏರಿದೆ, ಮಕ್ಕಳ ರಕ್ತ ಇಳಿದಿದೆ. ಬೆರಳು ಚುಚ್ಚಿ ತೆಗೆದ ಹನಿ ರಕ್ತದ ಲೆಕ್ಕ ಸರಿಯಲ್ಲ, ರಕ್ತನಾಳದಿಂದಲೇ ತೆಗೀಬೇಕು ಅಂತ ತಜ್ಞರಲ್ಲಿ ತಕರಾರಿದೆ, ಒಪ್ತೀನಿ, ಹಂಗಾದ್ರೆ ಸರಿಯಾದ ರೀತಿಲೇ ಅಳೀರಿ, ಆದ್ರೆ ಅಳೆಯೋದು ನಿಲ್ಲಬಾರದು.

ಅಳೆದ್ರೆ ಏನಾಗುತ್ತೆ ಅನ್ನೋರಿಗೆ ಮೊಟ್ಟೆ ಕಥೆ ನೆನಪಿಸ್ತೀನಿ. 2021ರ ಡಿಸೆಂಬರಲ್ಲಿ ನಮ್ಮ ಭಾಗದ ಜಿಲ್ಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಶುರುವಾದಾಗ ಎಷ್ಟು ಗಲಾಟೆ ಆಯ್ತು, ಟಿವಿಲಿ ಎಷ್ಟು ದಿನ ಚರ್ಚೆ ಆಯ್ತು. ಆಗ ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ಮೊಟ್ಟೆ ಕೊಡ್ತಿದ್ದ ಯಾದಗಿರಿ ಮಕ್ಕಳನ್ನೂ ಕೊಡದಿದ್ದ ಗದಗದ ಮಕ್ಕಳನ್ನೂ ತೂಕ ಹಾಕಿ, ಎತ್ತರ ಅಳೆದು ನೋಡಿದ್ರು. ಮೊಟ್ಟೆ ತಿಂದ ಮಕ್ಕಳ ತೂಕ ಹೆಚ್ಚು ಏರಿತ್ತು. ಆಮೇಲೆ ಮೊಟ್ಟೆ ಇಡೀ ರಾಜ್ಯಕ್ಕೆ ಹೋಯ್ತು. ಧರ್ಮ ಜಾತಿ ಅಂತ ಅಷ್ಟು ಕೂಗಾಟ ಇದ್ದಾಗಲೂ ಒಂದು ತೂಕದ ಯಂತ್ರಕ್ಕೆ ಆ ಶಕ್ತಿ ಇತ್ತು.

ಇನ್ನೂ ದೊಡ್ಡ ಉದಾಹರಣೆ ನಂಜುಂಡಪ್ಪ ವರದಿ. ರಾಜ್ಯದ ಯಾವ ಭಾಗ ಎಷ್ಟು ಹಿಂದುಳಿದಿದೆ ಅಂತ ನೋಡೋಕೆ 2000ದಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಅವರ ಸಮಿತಿ ಆಗಿ 2002ರಲ್ಲಿ ವರದಿ ಬಂತು. 35 ಸೂಚ್ಯಂಕ ಇಟ್ಕೊಂಡು ಆಗಿನ 175 ತಾಲ್ಲೂಕುಗಳನ್ನ ಒಂದೊಂದಾಗಿ ಅಳೆದ್ರು, ಆಸ್ಪತ್ರೆ ಹಾಸಿಗೆ ಎಷ್ಟು, ಡಾಕ್ಟರ್ ಎಷ್ಟು, ಒಬ್ಬ ಮೇಷ್ಟ್ರಿಗೆ ಮಕ್ಕಳೆಷ್ಟು, ಶಾಲೆ ಬಿಟ್ಟ ಮಕ್ಕಳೆಷ್ಟು, ಕುಡಿಯೋ ನೀರು ಎಲ್ಲೆಲ್ಲಿದೆ ಅಂತ. 114 ಹಿಂದುಳಿದವು, ಅದರಲ್ಲಿ 39 ಅತ್ಯಂತ ಹಿಂದುಳಿದವು ಅಂತ ಹೆಸರು ಸಮೇತ ಬರೆದ್ರು. ದೇವದುರ್ಗ ಆ 39ರಲ್ಲಿತ್ತು. ಎಂಟು ವರ್ಷಕ್ಕೆ 31,000 ಕೋಟಿ ವಿಶೇಷ ಯೋಜನೆ ಬಂತು, ಮುಂದೆ ನಮ್ಮ ಭಾಗಕ್ಕೆ ಸಂವಿಧಾನದಲ್ಲಿ ವಿಶೇಷ ಸ್ಥಾನ ಕೊಡೋ 371(ಜೆ) ಹೋರಾಟಕ್ಕೂ ಈ ಪಟ್ಟಿ ಕೈಯಲ್ಲಿದ್ದ ದಾಖಲೆ ಆಯ್ತು. ಅಲ್ಲಿವರೆಗೂ "ನಾವು ಹಿಂದುಳಿದೀವಿ" ಅಂದ್ರೆ ಅಳೋರು ಅಂತಿದ್ರು. ತಾಲ್ಲೂಕಿನ ಅಂಕಿ ಮುಂದಿಟ್ಟ ಮೇಲೆ ಆ ಮಾತು ಹೇಳೋಕಾಗಲಿಲ್ಲ.

ಆದ್ರೆ ಅಲ್ಲಿಂದ ಮುಂದೆ ಏನಾಯ್ತು? ದುಡ್ಡು ಬಂತು, ಅಳತೆ ಬರಲಿಲ್ಲ. ನಮ್ಮ ಭಾಗದ ಅಭಿವೃದ್ಧಿಗೆ ಅಂತಿರೋ ಕಲ್ಯಾಣ ಕರ್ನಾಟಕ ಮಂಡಳಿಗೆ ಈಗ ಬಜೆಟ್ಟಲ್ಲಿ ವರ್ಷಕ್ಕೆ 5,000 ಕೋಟಿ ಅಂತ ಇಡ್ತಾರೆ. ಮೀಟಿಂಗಲ್ಲಿ ಮೊದಲು ಕೇಳೋದು ಎಷ್ಟು ಪರ್ಸೆಂಟ್ ಖರ್ಚಾಯ್ತು ಅಂತ. ಖರ್ಚಾದ ಮೇಲೆ ದೇವದುರ್ಗದ ಮಗು ಎಷ್ಟು ಸೆಂಟಿಮೀಟರ್ ಎತ್ತರ ಆಯ್ತು ಅಂತ ಕೇಳಲ್ಲ. ಎಸ್ಸೆಸ್ಸೆಲ್ಸಿ ರಿಸಲ್ಟಲ್ಲಿ 2024ರಲ್ಲಿ ಯಾದಗಿರಿ ಕೊನೆ, 2025ರಲ್ಲಿ ಕಲಬುರಗಿ ಕೊನೆ. 2022ರಲ್ಲಿ ರಾಯಚೂರು ಸಿಟಿಲೇ ಕಲುಷಿತ ನೀರು ಕುಡಿದು ಜನ ಪ್ರಾಣ ಬಿಟ್ರು, ಎರಡು ನದಿ ನಡುವೆ ಇರೋ ಊರಲ್ಲಿ. ತಾಲ್ಲೂಕುಗಳನ್ನ ಮತ್ತೆ ಅಳೆಯೋಕೆ ಪ್ರೊ. ಎಂ. ಗೋವಿಂದ ರಾವ್ ಅವರ ಸಮಿತಿ ಆಗಿದ್ದು 2024ರಲ್ಲಿ, ಅಂದ್ರೆ 22 ವರ್ಷ ಆದ್ಮೇಲೆ. ದೇಶದ ಮಟ್ಟದಲ್ಲೂ ಇದೇ ಕಥೆ, 2021ರಲ್ಲಿ ಆಗ್ಬೇಕಿದ್ದ ಜನಗಣತಿ 2027ಕ್ಕೆ ಹೋಗಿದೆ. ಜಿಡಿಪಿ ಅಂಕಿ ಮಾತ್ರ ಮೂರು ತಿಂಗಳಿಗೊಮ್ಮೆ ತಪ್ಪದೆ ಬರುತ್ತೆ, ಅವತ್ತು ಸಂಜೆ ಎಲ್ಲಾ ಚಾನೆಲ್ಲಲ್ಲೂ ಅದೇ.

"ಮೊದಲು ಆದಾಯ ಬೆಳೀಲಿ, ಆಮೇಲೆ ಇವೆಲ್ಲಾ ತಾನಾಗೇ ಸರಿಹೋಗುತ್ತೆ" ಅನ್ನೋ ಸ್ನೇಹಿತರು ನನ್ನ ಲಿಸ್ಟಲ್ಲೇ ಇದೀರಿ. ಆದಾಯ ಇಲ್ದೆ ಶಾಲೆ ಆಸ್ಪತ್ರೆ ನಡೆಯಲ್ಲ, ಖಂಡಿತ ಒಪ್ತೀನಿ. ಆದ್ರೆ ತಾನಾಗೇ ಅನ್ನೋ ಮಾತು ಒಪ್ಪಲ್ಲ. ಹಟ್ಟಿ ಗಣಿ ನಿನ್ನೆ ಮೊನ್ನೆ ಶುರುವಾಗಿದ್ದಲ್ಲ, ಆರ್‌ಟಿಪಿಎಸ್ ಮೊದಲ ಘಟಕ ಶುರುವಾಗಿ 40 ವರ್ಷ ಆಯ್ತು. ತಾನಾಗೇ ಆಗೋದಿದ್ರೆ ಇಷ್ಟೊತ್ತಿಗೆ ಆಗ್ಬೇಕಿತ್ತು. ಆ ಕಡೆ ಕೇರಳ ನಮಗಿಂತ ಕಾರ್ಖಾನೆ ಕಡಿಮೆ ಇಟ್ಕೊಂಡೇ ಶಿಶು ಮರಣ ಒಂದಂಕಿಗೆ ಇಳಿಸ್ತು, ಹೆಣ್ಮಕ್ಕಳ ಓದು ಮತ್ತೆ ಊರಿನ ಆಸ್ಪತ್ರೆ, ಇವೆರಡನ್ನ ತಲೆಮಾರುಗಟ್ಟಲೆ ಬಿಡದೆ ಹಿಡ್ಕೊಂಡು.

ಹೊಸ ಸಮಿತಿ, ಹೊಸ ಆಪ್ ಏನೂ ಬೇಕಿಲ್ಲ. ಅಂಗನವಾಡಿ ಟೀಚರ್ ಈಗಲೇ ಪ್ರತಿ ತಿಂಗಳು ಮಕ್ಕಳನ್ನ ತೂಕ ಹಾಕ್ತಾರೆ, ಸರ್ಕಾರದ ಆಪ್ ಆದ ಪೋಷಣ್ ಟ್ರ್ಯಾಕರ್‌ನಲ್ಲಿ ತುಂಬ್ತಾರೆ, ಅದೂ ಅವರಿಗೆ ಸಿಗೋ ಅಷ್ಟು ಕಡಿಮೆ ಗೌರವಧನದಲ್ಲಿ. ಆ ಅಂಕಿನ ತಾಲ್ಲೂಕುವಾರು ಮೂರು ತಿಂಗಳಿಗೊಮ್ಮೆ, ಜಿಡಿಪಿ ಬರೋ ದಿನಾನೇ, ಜಿಲ್ಲಾಧಿಕಾರಿ ಪ್ರೆಸ್ ಮುಂದೆ ಓದಲಿ. ಜೊತೆಗೆ ಖಾಲಿ ಇರೋ ಮೇಷ್ಟ್ರ ಪೋಸ್ಟು, ಶುದ್ಧ ನೀರು ಬರದ ಹಳ್ಳಿ, ಹೆರಿಗೆಲಿ ತೀರ್ಕೊಂಡ ತಾಯಂದಿರು, ಇವಿಷ್ಟು ಸಾಕು ಶುರು ಮಾಡೋಕೆ. ನಮ್ಮ ಜಿಲ್ಲೆಯ ಎಮ್ಮೆಲ್ಲೆಗಳನ್ನ ಟ್ಯಾಗ್ ಮಾಡ್ತಿದೀನಿ. ರಾಯಚೂರು, ಯಾದಗಿರಿ, ಕೊಪ್ಪಳದ ಸ್ನೇಹಿತರು ಮುಂದಿನ ಗ್ರಾಮಸಭೆಲಿ ನಿಮ್ಮ ಊರಿನ ಅಂಗನವಾಡಿಲಿ ತೂಕ ಕಡಿಮೆ ಇರೋ ಮಕ್ಕಳೆಷ್ಟು ಅಂತ ಜೋರಾಗಿ ಕೇಳಿ, ಮಗುವಿನ ಹೆಸರು ಬೇಡ, ಸಂಖ್ಯೆ ಸಾಕು, ಕೊಟ್ಟ ಉತ್ತರಾನ ಇಲ್ಲಿ ಕಾಮೆಂಟಲ್ಲಿ ಹಾಕಿ, ತಾಲ್ಲೂಕುವಾರು ನಾನೇ ಕೂತು ಪಟ್ಟಿ ಮಾಡ್ತೀನಿ.