ಸ್ಪಷ್ಟನೆ: ಕಪ್ಪುಕುಳಿಗೆ ಬಿದ್ದ ಮಾಹಿತಿ ನಾಶವಾಗುತ್ತದೆ ಎಂದು ಸಾಬೀತಾಗಿಲ್ಲ
ಸಿಂಧನೂರು, ಮಾನ್ವಿ ಕಡೆಯ ಪಿಯು ವಿದ್ಯಾರ್ಥಿಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: "ಕಪ್ಪುಕುಳಿಗೆ ಬಿದ್ದ ಮಾಹಿತಿ ಶಾಶ್ವತವಾಗಿ ನಾಶ. ಹಾಕಿಂಗ್ ಸಾಬೀತು ಮಾಡಿದ್ದಾರೆ. ಕಪ್ಪುಕುಳಿ ಎರಡು ಪಟ್ಟು ದೊಡ್ಡದಾದರೆ ಅದರ ಎಂಟ್ರೊಪಿ ಎಂಟು ಪಟ್ಟು." ಮೊದಲನೆಯದು ಸಾಬೀತಾಗಿಲ್ಲ, ಎರಡನೆಯದು ತಪ್ಪು. ಕಪ್ಪುಕುಳಿ (ಬ್ಲ್ಯಾಕ್ ಹೋಲ್) ಎಂದರೆ ಬೆಳಕೂ ತಪ್ಪಿಸಿಕೊಳ್ಳಲಾಗದಷ್ಟು ಗುರುತ್ವವಿರುವ ಕಾಯ; ಮಾಹಿತಿ ಎಂದರೆ ಒಳಗೆ ಬಿದ್ದದ್ದು ಏನು, ಹೇಗಿತ್ತು ಎಂಬ ವಿವರ; ಎಂಟ್ರೊಪಿ ಎಂದರೆ ಒಳಗಿನದು ಎಷ್ಟು ಬಗೆಯಲ್ಲಿ ಜೋಡಣೆಯಾಗಿರಬಹುದು ಎಂಬುದರ ಅಳತೆ. ನನ್ನ ವಿದ್ಯಾರ್ಥಿಗಳೇ ನಂಬಿ ಕಳಿಸಿದ್ದರಿಂದ ಬರೆಯುತ್ತಿದ್ದೇನೆ.

ಎಂಟರ ಲೆಕ್ಕ ನಮ್ಮ ರೈಸ್ ಮಿಲ್ಲಿನ ಗೋದಾಮಿಗೆ ಸರಿ. ಉದ್ದ, ಅಗಲ, ಎತ್ತರ ಮೂರೂ ಎರಡು ಪಟ್ಟಾದರೆ ಎಂಟು ಪಟ್ಟು ಭತ್ತದ ಚೀಲ ಹಿಡಿಸುತ್ತವೆ. ಕಪ್ಪುಕುಳಿ ಹಾಗಲ್ಲ. ಅದರ ಎಂಟ್ರೊಪಿ ಒಳಗಿನ ಜಾಗವನ್ನಲ್ಲ, ಹೊರಮೈಯ ವಿಸ್ತೀರ್ಣವನ್ನು ಅನುಸರಿಸುತ್ತದೆ. ಗೋದಾಮಿನ ಸರಕನ್ನೆಲ್ಲ ಗೋಡೆ ಅಳೆದೇ ಹೇಳಿದ ಹಾಗೆ! ಅಡ್ಡಳತೆ ಇಮ್ಮಡಿಯಾದರೆ ಎಂಟ್ರೊಪಿ ನಾಲ್ಕು ಪಟ್ಟು, ಅಷ್ಟೇ. 1970ರ ದಶಕದ ಮೊದಲಲ್ಲಿ ಭೌತವಿಜ್ಞಾನಿ ಬೆಕೆನ್‌ಸ್ಟೈನ್ ಇದನ್ನು ಸೂಚಿಸಿದರು, 1974ರಲ್ಲಿ ಹಾಕಿಂಗ್ ಕಪ್ಪುಕುಳಿಯಿಂದಲೂ ವಿಕಿರಣ ಹೊರಡುತ್ತದೆಂದು ತೋರಿಸಿದ ಮೇಲೆ ಅದಕ್ಕೆ ಗಟ್ಟಿ ನೆಲೆ ಸಿಕ್ಕಿತು. ವಿಸ್ತೀರ್ಣದಿಂದ ಎಂಟ್ರೊಪಿ ಲೆಕ್ಕ ಹಾಕುವ ಸೂತ್ರದಲ್ಲಿ ಗುರುತ್ವದ ಸ್ಥಿರಾಂಕ ಜಿ, ಕ್ವಾಂಟಮ್‌ನ ಪ್ಲ್ಯಾಂಕ್ ಸ್ಥಿರಾಂಕ ಒಟ್ಟಿಗೆ ಕೂತಿವೆ. ನನಗೆ ಇಡೀ ಭೌತಶಾಸ್ತ್ರದಲ್ಲೇ ಅತಿ ಚೆಂದದ ಸಾಲು ಅದು. ಸೂರ್ಯನಷ್ಟು ತೂಕದ ಕಪ್ಪುಕುಳಿಯ ತ್ರಿಜ್ಯ ಸುಮಾರು 3 ಕಿ.ಮೀ. ಅದರ ಎಂಟ್ರೊಪಿ ಬೋಲ್ಟ್ಸ್‌ಮನ್ ಸ್ಥಿರಾಂಕವನ್ನು ಒಂದು ಎಂದು ಇಟ್ಟು ಅಳೆದರೆ ಹೆಚ್ಚುಕಡಿಮೆ 1ರ ಮುಂದೆ 77 ಸೊನ್ನೆ.

ಇನ್ನು ಹಾಕಿಂಗ್ ಮಾತು. ವಿಕಿರಣ ಸೂಸುತ್ತ ಕಪ್ಪುಕುಳಿ ಕರಗಿದಾಗ ಒಳಗಿನ ಮಾಹಿತಿ ಕಳೆದುಹೋಗುತ್ತದೆ ಎಂದು 1976ರಲ್ಲಿ ಅವರು ವಾದಿಸಿದ್ದು ನಿಜ. ಆದರೆ 2004ರಲ್ಲಿ ಡಬ್ಲಿನ್‌ನಲ್ಲಿ ತಮ್ಮ ನಿಲುವು ಬದಲಿಸಿ, ಭೌತವಿಜ್ಞಾನಿ ಪ್ರೆಸ್ಕಿಲ್ ಜೊತೆ ಇದೇ ವಿಷಯಕ್ಕೆ ಕಟ್ಟಿದ್ದ ಪಂದ್ಯ ಸೋತೆನೆಂದು ಒಪ್ಪಿಕೊಂಡರು. 2019ರಲ್ಲಿ ಭೌತವಿಜ್ಞಾನಿಗಳು ಮಾಡಿದ ಲೆಕ್ಕಾಚಾರಗಳೂ ಮಾಹಿತಿ ಉಳಿಯುವ ಕಡೆಗೇ ಬೆರಳು ತೋರಿಸುತ್ತವೆ. ಅದು ಹೊರಬರುವ ದಾರಿ ಯಾವುದೆಂಬ ಪ್ರಶ್ನೆ ಇನ್ನೂ ತೆರೆದೇ ಇದೆ.