ಮೇಷ್ಟ್ರು ಆಳಿದ ನಾಡಿನಲ್ಲಿ

ಟಾಂಜಾನಿಯಾದ ದಾರ್ ಎಸ್ ಸಲಾಮ್‌ಗೆ ಬಂದ ಹೊಸತು. ನಮ್ಮ ಕಟ್ಟಡದ ವಯಸ್ಸಾದ ಕಾವಲುಗಾರರನ್ನು ಇಂಗ್ಲಿಷಿನಲ್ಲಿ ಏನೋ ಕೇಳಿದೆ. ಅವರು ನಕ್ಕು, ಹಿರಿಯರಿಗೆ ಮೊದಲು 'ಶಿಕಮೂ' ಅನ್ನಬೇಕು ಎಂದು ಸ್ವಾಹಿಲಿಯಲ್ಲೇ ತಿದ್ದಿದರು. ಎಲ್ಲರೂ ಅವರನ್ನು 'ಮ್ಜೇ' ಎನ್ನುತ್ತಾರೆ, ನಮ್ಮಲ್ಲಿ 'ಯಜಮಾನ್ರೇ' ಎಂದ ಹಾಗೆ. ಅವರ ಮನೆಮಾತು ಸುಕುಮಾ. ಸ್ವಾಹಿಲಿ ಕಲಿಸಿದ್ದು ಯಾರು ಎಂದು ಮುಂದೊಂದು ದಿನ ಕೇಳಿದಾಗ ಎದುರಿನ ಅಂಗಡಿಯ ಗೋಡೆಯ ಪಟ ತೋರಿಸಿದರು. "ಮ್ವಾಲಿಮು." ಅಂದರೆ ಮೇಷ್ಟ್ರು.

ಆ ಮೇಷ್ಟ್ರು ಜೂಲಿಯಸ್ ನೈರೆರೆ. ವಿಕ್ಟೋರಿಯಾ ಸರೋವರದ ಕಡೆಯ ಬುಟಿಯಾಮಾದಲ್ಲಿ 1922ರಲ್ಲಿ ಹುಟ್ಟಿ, ಎಡಿನ್‌ಬರೋದಲ್ಲಿ ಓದಿ ಬಂದು ಪಾಠ ಹೇಳುತ್ತಿದ್ದವರು. 1954ರಲ್ಲಿ ಸ್ವಾತಂತ್ರ್ಯಕ್ಕಾಗಿ ಟಾನು ಎಂಬ ಪಕ್ಷ ಕಟ್ಟಿದರು, ಮರುವರ್ಷ ಶಾಲೆ ಬಿಟ್ಟರು. 1961ರ ಡಿಸೆಂಬರ್ 9ರಂದು ಸ್ವಾತಂತ್ರ್ಯ ಬಂತು, ಮರುವರ್ಷ ದೇಶದ ಅಧ್ಯಕ್ಷರಾದರು. ನೂರಕ್ಕೂ ಹೆಚ್ಚು ಭಾಷೆಗಳ ದೇಶವನ್ನು ಸ್ವಾಹಿಲಿಯಲ್ಲಿ ಒಂದುಗೂಡಿಸಿದರು, ತಮ್ಮ ಮನೆಮಾತು ಝನಾಕಿಯನ್ನು ಯಾರ ಮೇಲೂ ಹೇರಲಿಲ್ಲ. ನನಗೆ ಮೈ ಜುಮ್ಮೆನ್ನಿಸುವುದು ಇನ್ನೊಂದು ಸಂಗತಿ: ಗದ್ದುಗೆಯಲ್ಲಿದ್ದಾಗಲೇ ಷೇಕ್ಸ್‌ಪಿಯರ್‌ನ 'ಜೂಲಿಯಸ್ ಸೀಸರ್' ಅನ್ನು ಸ್ವಾಹಿಲಿಗೆ ತಂದರು. 1963ರಲ್ಲಿ ಅದು ಅಚ್ಚಾಯಿತು, 1969ರಲ್ಲಿ 'ವೆನಿಸಿನ ವ್ಯಾಪಾರಿ'ಯೂ ಬಂತು. ದೇಶ ಆಳುವವರು ಕೂತು ತಮ್ಮ ನುಡಿಗೆ ಪದ ಹುಡುಕಿದ್ದಾರೆ!

ಕಳೆದ ರಜೆಯಲ್ಲಿ ಬೆಂಗಳೂರಿನ ಒಂದು ಬ್ಯಾಂಕಿಗೆ ಅಮ್ಮನ ಜೊತೆ ಹೋಗಿದ್ದೆ. ಪಾಸ್‌ಬುಕ್ ಎಂಟ್ರಿ ಆಗಿಲ್ಲ ಎಂದು ಅಮ್ಮ ಕನ್ನಡದಲ್ಲೇ ಹೇಳಿದಳು. ಗಾಜಿನ ಆಚೆಯ ಹುಡುಗ ಇಂಗ್ಲಿಷಿನಲ್ಲಿ ಉತ್ತರಿಸಿದ. ಅಮ್ಮ ಮತ್ತೆ ಕೇಳಿದಳು, ಮತ್ತೆ ಇಂಗ್ಲಿಷು. ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು. ತಲೆ ತಗ್ಗಿಸಿ ಮೆಲ್ಲಗೆ, "ಹೇಳಮ್ಮ, ಊಟ ಆಯ್ತಾ?" ಎಂದ. ನನ್ನ ಅಮ್ಮ ಪಾಸ್‌ಬುಕ್ ಮಡಚಿ ಚೀಲಕ್ಕೆ ಹಾಕಿಕೊಂಡಳು. ಆ ಮುಖ ಈಗಲೂ ಕಣ್ಣಿಗೆ ಕಟ್ಟುತ್ತದೆ. ದಾರ್‌ನ ಯಾವ ಕಚೇರಿಯಲ್ಲೂ ಒಬ್ಬ ಮುದುಕಿ ತನ್ನ ಮಾತಿಗಾಗಿ ಹೀಗೆ ಸಣ್ಣವಳಾಗಿದ್ದನ್ನು ನಾನು ಕಂಡಿಲ್ಲ. ಸಾವಿರ ವರ್ಷ ದಾಟಿದ ಸಾಹಿತ್ಯವಿರುವ ನಮಗೆ ಇಷ್ಟು ಅಳುಕೇಕೆ?

ಇಲ್ಲಿನ ಗುಜರಾತಿ ಹಿರಿಯರ ಎದುರು ಮ್ವಾಲಿಮುವನ್ನು ಹೊಗಳಿದರೆ ಮಾತು ತಣ್ಣಗಾಗುತ್ತದೆ. 1971ರಲ್ಲಿ ಬಾಡಿಗೆ ಕಟ್ಟಡಗಳನ್ನು ಸರ್ಕಾರ ವಶಪಡಿಸಿಕೊಂಡಾಗ ಎಷ್ಟೋ ಭಾರತೀಯ ಕುಟುಂಬಗಳು ಗಂಟುಮೂಟೆ ಕಟ್ಟಿದವು. ವಿಚಾರಣೆ ಇಲ್ಲದೆ ಬಂಧಿಸುವ ಕಾನೂನೂ ಮ್ವಾಲಿಮುವಿನ ಕಾಲದ್ದೇ. ಒಂದೇ ಪಕ್ಷದ ಆಡಳಿತ ನಡೆಸಿದರು. ಎಲ್ಲರೂ ಕೂಡಿ ದುಡಿಯುವ 'ಉಜಮಾ' ಹಳ್ಳಿಗಳಿಗೆಂದು ಜನರನ್ನು ಬಲವಂತವಾಗಿ ಎಬ್ಬಿಸಿದರು, ಬೇಸಾಯ ಸೊರಗಿತು. ಇದನ್ನೆಲ್ಲ ಮುಚ್ಚಿಡಲಾರೆ. ಆದರೂ 1985ರಲ್ಲಿ ತಾವಾಗಿಯೇ ಅಧ್ಯಕ್ಷಗಿರಿ ಬಿಟ್ಟರು, ಕೊನೆಗಾಲದಲ್ಲಿ ಬುಟಿಯಾಮಾದ ಹೊಲಕ್ಕೆ ಮರಳಿದರು.

ಇನ್ನೊಂದನ್ನೂ ಹೇಳಲೇಬೇಕು. ಇಲ್ಲಿ ಪ್ರಾಥಮಿಕ ಶಾಲೆ ದಾಟಿದರೆ ಪಾಠವೆಲ್ಲ ಇಂಗ್ಲಿಷು. ಅದನ್ನು ಮ್ವಾಲಿಮು ಬದಲಿಸಲಿಲ್ಲ. ಮ್ಜೇಯ ಮೊಮ್ಮಗ ಈ ವರ್ಷ ಪ್ರೌಢಶಾಲೆಗೆ ಸೇರಿದ್ದಾನೆ. ಸಂಜೆ ಗೇಟಿನ ಬಳಿ ವಿಜ್ಞಾನದ ಪುಸ್ತಕ ಹಿಡಿದು ಬರುತ್ತಾನೆ. ನಾನು ಇಂಗ್ಲಿಷಿನಲ್ಲಿ ವಿವರಿಸಿದಷ್ಟೂ ಹುಡುಗನ ಮುಖ ಬಾಡುತ್ತದೆ. ಕೊನೆಗೆ ಅಜ್ಜನ ಕಡೆ ತಿರುಗಿ, ಸ್ವಾಹಿಲಿಯಲ್ಲಿ ಮೆಲ್ಲಗೆ ಏನೋ ಕೇಳುತ್ತಾನೆ.