ಭಜಿ ಅಂಗಡಿಯ ಹೊಗೆ ಮತ್ತು ಏಳು ಇಂಚಿನ ಪರದೆ

ಮೊನ್ನೆ ಗೆಳೆಯರೊಬ್ಬರು ಫೋನ್ ಮಾಡಿದ್ದರು. ಬೆಂಗಳೂರಿನಲ್ಲಿ ಗೇಮ್ ಕೆಲಸ ಮಾಡುವವರು. ಮಾತು ಹ್ಯಾಂಡ್‌ಹೆಲ್ಡ್ ಕನ್ಸೋಲ್‌ಗಳ, ಅಂದರೆ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರಗಳ ಕಡೆ ಹೊರಳಿತು. "ಜೋಡೆತ್ತಿನ ಬಂಡೀಲಿ ಒಂದು ಎತ್ತು ಸಣ್ಣದಾದ್ರೆ ಇನ್ನೊಂದೂ ನಿಧಾನ ನಡೀಬೇಕು ನೋಡಿ, ಹಂಗಾಗಿದೆ ನಮ್ ಕಥೆ" ಅಂದರು. ಒಂದೇ ಗೇಮ್ ಎರಡರಲ್ಲೂ ಓಡಬೇಕಾದ್ದರಿಂದ, ಸಣ್ಣ ಹ್ಯಾಂಡ್‌ಹೆಲ್ಡ್‌ನಿಂದಾಗಿ ಟಿವಿಗೆ ಜೋಡಿಸುವ ದೊಡ್ಡ ಕನ್ಸೋಲ್‌ನ ಗೇಮೂ ಕೆಡುತ್ತಿದೆ ಎಂಬುದು ಅವರ ದೂರು. ಹೂಂ ಅಂದು ಸುಮ್ಮನಾದೆ. ಒಂದು ವರ್ಷದ ಹಿಂದೆ ನಾನೂ ಅದನ್ನೇ ಹೇಳುತ್ತಿದ್ದೆ. ಈಗ ಹೇಳಲಾರೆ. ಯಾಕೆ ಅಂತ ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ನಾವು ನಾಲ್ಕೇ ಜನ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಮಾಳಿಗೆ ಮೇಲಿನ ಒಂದು ಕೋಣೆ ನಮ್ಮ ಆಫೀಸು. ಮಾಡುತ್ತಿರುವುದು ಒಂದು ಸಂಜೆ ಸಂತೆಯ ಗೇಮ್. ಇಲ್ಲಿನ ಪೇಟೆ ದುರ್ಗದಬೈಲಿನಲ್ಲಿ ಅಡ್ಡಾಡಿದವರಿಗೆ ನೋಡಿದ ತಕ್ಷಣ ಗೊತ್ತಾಗುತ್ತೆ. ಪಿಸಿ, ಸೋನಿಯ ದೊಡ್ಡ ಕನ್ಸೋಲ್ ಪಿಎಸ್5, ಹ್ಯಾಂಡ್‌ಹೆಲ್ಡ್, ಮೂರಕ್ಕೂ ತರಬೇಕು ಅಂತ ಶುರು ಮಾಡಿದೆವು. ಎರಡು ವರ್ಷ ಪಿಸಿ ಮೇಲೆಯೇ ಕಟ್ಟಿದೆವು. ಹ್ಯಾಂಡ್‌ಹೆಲ್ಡ್ ಕೆಲಸಕ್ಕೆ ಕೊನೆಯ ನಾಲ್ಕು ವಾರ ಇಟ್ಟಿದ್ದೆವು. ನಾಲ್ಕು ವಾರ! ಈಗ ನೆನೆಸಿಕೊಂಡರೆ ನಗು ಬರುತ್ತೆ.

(ಗೇಮ್ ಮಾಡುವವರಿಗೆ ಕನ್ಸೋಲ್ ಕಂಪನಿಗಳು ಕೊಡುವ ಡೆವಲಪರ್ ಕಿಟ್ ಬಗ್ಗೆ ಮಾತಾಡದಂತೆ ಕರಾರು ಇರುತ್ತೆ. ಹಾಗಾಗಿ ನಮ್ಮ ಅನುಭವವನ್ನು ವಾಲ್ವ್ ಕಂಪನಿಯ ಹ್ಯಾಂಡ್‌ಹೆಲ್ಡ್ ಸ್ಟೀಮ್ ಡೆಕ್ ಮೇಲಿಟ್ಟೇ ಹೇಳುತ್ತೇನೆ. ಅದು ಒಳಗೆ ಒಂದು ಸಣ್ಣ ಪಿಸಿಯೇ. ಉಳಿದದ್ದೆಲ್ಲ ಲೋಕಕ್ಕೆ ಗೊತ್ತಿರುವ ಅಂಕಿಗಳು.)

ಮೊದಲ ಸಲ ಗೇಮಿನ ಬಿಲ್ಡ್ (ಓಡಿಸಲು ಸಿದ್ಧವಾದ ಪ್ರತಿ) ಹಾಕಿ ಡೆಕ್ ಕೈಗೆ ತಗೊಂಡಾಗ ಗೇಮ್ ಓಡಿತು. ಅಂದರೆ ತೆವಳಿತು. ಒಂದು ಫ್ರೇಮಿಗೆ, ಅಂದರೆ ಪರದೆ ಮೇಲೆ ಒಂದು ಚಿತ್ರ ಬಿಡಿಸುವುದಕ್ಕೆ, ಸುಮಾರು 50 ಮಿಲಿಸೆಕೆಂಡು. ಸೆಕೆಂಡಿಗೆ 60 ಫ್ರೇಮ್ ಬೇಕಾದರೆ ಒಂದೊಂದಕ್ಕೆ ಸಿಗುವುದು 16.7 ಮಿಲಿಸೆಕೆಂಡು, 30 ಸಾಕು ಅಂದರೂ 33.3. ನಮ್ಮದು ಎರಡನ್ನೂ ದಾಟಿತ್ತು. ಫ್ಯಾನು ಹಿಟ್ಟಿನ ಗಿರಣಿ ಹಾಗೆ ಕೂಗುತ್ತಿತ್ತು.

ಯಾವ ಕೆಲಸಕ್ಕೆ ಎಷ್ಟು ಸಮಯ ಹೋಗುತ್ತೆ ಅಂತ ತೋರಿಸುವ ಪ್ರೊಫೈಲರ್ ಹಚ್ಚಿ ನೋಡಿದರೆ ಕಳ್ಳ ಸಿಕ್ಕಿದ್ದು ಎಲ್ಲಿ ಗೊತ್ತಾ? ಮಿರ್ಚಿ ಭಜಿ ಅಂಗಡಿಯಲ್ಲಿ. ಬಾಣಲೆಯಿಂದ ಏಳುವ ಹೊಗೆಯನ್ನು ನಮ್ಮ ಆರ್ಟಿಸ್ಟ್ ತುಂಬಾ ಪ್ರೀತಿಯಿಂದ ಮಾಡಿದ್ದ. ಹದಿನಾಲ್ಕು ಪದರ, ಒಂದರ ಮೇಲೊಂದು, ಎಲ್ಲವೂ ಅರೆಪಾರದರ್ಶಕ. ಗೋಡೆ ಬಿಡಿಸುವಾಗ ಅದರ ಹಿಂದಿರುವುದನ್ನು ಬಿಡಿಸದೆ ಬಿಟ್ಟರೆ ನಡೆಯುತ್ತೆ. ಹೊಗೆಗೆ ಆ ಸೌಲಭ್ಯ ಇಲ್ಲ. ಹಿಂದಿನದು ಕಾಣಲೇಬೇಕಲ್ಲ. ಹಾಗಾಗಿ ಒಂದೇ ಪಿಕ್ಸೆಲ್ಲಿಗೆ ಹದಿನಾಲ್ಕು ಸಲ ಬಣ್ಣ ಬಳಿಯಬೇಕು. ಪ್ರತಿ ಸಲವೂ ಮೆಮೊರಿಯಿಂದ ಹಳೆ ಬಣ್ಣ ಓದಿ, ಹೊಸದನ್ನು ಬೆರೆಸಿ, ವಾಪಸ್ ಬರೆಯಬೇಕು. ಪಿಎಸ್5ರ ಮೆಮೊರಿ ಸೆಕೆಂಡಿಗೆ 448 ಜಿಬಿ ಸಾಗಿಸುತ್ತೆ. ಮೊದಲ ಸ್ಟೀಮ್ ಡೆಕ್‌ನದು 88. ಇನ್ನೊಂದು ಹ್ಯಾಂಡ್‌ಹೆಲ್ಡ್, 2017ರ ಮೊದಲ ನಿಂಟೆಂಡೋ ಸ್ವಿಚ್‌ನದು ಟಿವಿಗೆ ಜೋಡಿಸಿದಾಗಲೂ 25.6 ಅಷ್ಟೆ. ದೊಡ್ಡ ಕನ್ಸೋಲ್‌ನಲ್ಲಿ ಹೊಗೆಯ ಖರ್ಚು ಕಣ್ಣಿಗೇ ಬಿದ್ದಿರಲಿಲ್ಲ. ಇಲ್ಲಿ ಅದೊಂದೇ 9 ಮಿಲಿಸೆಕೆಂಡು ನುಂಗುತ್ತಿತ್ತು.

ಆರ್ಟಿಸ್ಟ್‌ಗೆ ಹೇಳಿದೆ. ಅವನ ಮುಖ ಸಪ್ಪಗಾಯಿತು. "ಅಲ್ಲೋ ಮಾರಾಯಾ, ಹೊಗಿ ಇಲ್ದ ಭಜಿ ಅಂಗಡಿ ಹೆಂಗ ಆಕ್ಕೈತಿ?" ಅಂದ. ಮಾತು ಸರಿಯೇ. ಹೊಗೆ ತೆಗೆಯಲಿಲ್ಲ. ಪದರಗಳನ್ನು ನಾಲ್ಕಕ್ಕೆ ಇಳಿಸಿದೆವು. ಹೊಗೆಯನ್ನಷ್ಟೇ ಅರ್ಧ ಉದ್ದ, ಅರ್ಧ ಅಗಲದಲ್ಲಿ ಬಿಡಿಸಿ ಆಮೇಲೆ ಹಿಗ್ಗಿಸಿ ಕೂಡಿಸಿದೆವು. ಪಿಕ್ಸೆಲ್ ಲೆಕ್ಕ ಕಾಲು ಭಾಗಕ್ಕೆ ಬಂತು. ಹೊಗೆ ಮೊದಲೇ ಮಸುಕು, ಇನ್ನಷ್ಟು ಮಸುಕಾದರೆ ಯಾರಿಗೆ ಗೊತ್ತಾಗಬೇಕು? 9 ಹೋಗಿ 2 ಮಿಲಿಸೆಕೆಂಡಿಗೆ ನಿಂತಿತು. ಆಮೇಲೆ ಪಿಸಿಯಲ್ಲಿ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ತೋರಿಸಿದೆ. ಹಳೆಯದು ಯಾವುದು ಅಂತ ಆರ್ಟಿಸ್ಟೇ ತಪ್ಪಾಗಿ ಹೇಳಿದ.

ಟೆಕ್ಸ್ಚರ್‌ಗಳದೂ, ಅಂದರೆ ಗೇಮಿನ ವಸ್ತುಗಳ ಮೇಲೆ ಅಂಟಿಸುವ ಚಿತ್ರಗಳದೂ, ಅದೇ ಹಾಡು. ಗೋಡೆಯ ಮೇಲಿನ ಒಂದು ಹರಿದ ಪೋಸ್ಟರ್‌ಗೆ 4096 x 4096 ಚಿತ್ರ ಇಟ್ಟಿದ್ದೆವು. ಅದರಲ್ಲಿ 1 ಕೋಟಿ 67 ಲಕ್ಷ ಪಿಕ್ಸೆಲ್. ಡೆಕ್‌ನ ಇಡೀ ಪರದೆಯಲ್ಲಿ ಇರುವುದೇ ಹತ್ತು ಲಕ್ಷ ಚಿಲ್ಲರೆ. ಇದನ್ನು ಹ್ಯಾಂಡ್‌ಹೆಲ್ಡ್‌ನ ಮಿತಿ ಅನ್ನುವುದಕ್ಕೆ ನನಗೆ ನಾಚಿಕೆ ಆಗುತ್ತೆ. ಇದು ನಮ್ಮ ಸೋಮಾರಿತನ.

ಆದರೆ ಗೆಳೆಯರ ದೂರಿನಲ್ಲಿ ಹುರುಳೇ ಇಲ್ಲ ಅಂತ ಅಲ್ಲ. ಚಿತ್ರದ ಖರ್ಚು ತಗ್ಗಿಸಬಹುದು. ಆಟದ ಲೆಕ್ಕಾಚಾರದ ಖರ್ಚು ಹಾಗೆ ತಗ್ಗುವುದಿಲ್ಲ.

ನಮ್ಮ ಸಂತೆಯಲ್ಲಿ ಗೇಮೇ ನಡೆಸುವ 180 ಜನ ತಿರುಗಾಡುತ್ತಾರೆ. ಅಂಗಡಿ ಮುಂದೆ ಗಿರಾಕಿ ಜಾಸ್ತಿಯಾದರೆ ದರ ಏರುತ್ತೆ, ಕಡಿಮೆಯಾದರೆ ಇಳಿಯುತ್ತೆ. ಆಟದ ಜೀವವೇ ಅದು. ಡೆಕ್‌ನ ಪ್ರೊಸೆಸರ್‌ಗೆ ಈ 180 ತಲೆಗಳ ಯೋಚನೆ ಭಾರವಾಯಿತು. "ಹ್ಯಾಂಡ್‌ಹೆಲ್ಡ್‌ನಲ್ಲಿ 60 ಜನ ಮಾಡಿಬಿಡೋಣ" ಅಂತ ಒಬ್ಬ ಅಂದ. ಮಾಡಿ ನೋಡಿದೆವು. ದರ ಏರುವುದೇ ನಿಂತಿತು, ಸಂತೆ ಸತ್ತ ಹಾಗಿತ್ತು. ಪಿಎಸ್5ರಲ್ಲಿ ಒಂದು ಆಟ, ಹ್ಯಾಂಡ್‌ಹೆಲ್ಡ್‌ನಲ್ಲಿ ಇನ್ನೊಂದು ಆಟ ಆಗಿಹೋಯಿತು. ರೆಸೊಲ್ಯೂಷನ್ (ಚಿತ್ರದ ಪಿಕ್ಸೆಲ್ ಲೆಕ್ಕ) ಇಳಿಸಿದರೆ ಯಾರೂ ಬಯ್ಯುವುದಿಲ್ಲ. ನಿಯಮ ಬದಲಾದರೆ ಬಯ್ಯಬೇಕಾದ್ದೇ.

ಕೊನೆಗೆ ಪಾಳಿ ಹಚ್ಚಿದೆವು. ಆಟಗಾರನ ಹತ್ತಿರ ಇರುವ ಮೂವತ್ತು ಜನ ಪ್ರತಿ ಫ್ರೇಮಿನಲ್ಲೂ ಯೋಚಿಸುತ್ತಾರೆ. ಉಳಿದ 150 ಜನ ಹತ್ತು ಫ್ರೇಮಿಗೊಮ್ಮೆ, ಅದೂ ಹದಿನೈದು ಹದಿನೈದು ಜನರಂತೆ ಸರದಿ ಮೇಲೆ. ನಳದ ನೀರಿಗೆ ಕೊಡ ಇಟ್ಟ ಹಾಗೆ. ದೂರದ ಮನುಷ್ಯ ಅರೆಕ್ಷಣ ತಡವಾಗಿ ತಿರುಗಿದರೆ ಕಾಣುವುದಿಲ್ಲ. ದರದ ಲೆಕ್ಕ ಹಾಗೇ ಉಳಿಯಿತು. ಈ ಪಾಳಿಯ ಕೋಡ್ ಬರೆಯಲು ಹಿಡಿದದ್ದು ಮೂರು ತಿಂಗಳು, ಯಾಕೆಂದರೆ ಎರಡು ವರ್ಷ ಎಲ್ಲ ಕೋಡನ್ನೂ "ಎಲ್ಲರೂ ಪ್ರತಿ ಫ್ರೇಮ್ ಎಚ್ಚರ ಇರುತ್ತಾರೆ" ಅಂದುಕೊಂಡೇ ಬರೆದಿದ್ದೆವು. ಮೊದಲ ತಿಂಗಳೇ ಡೆಕ್ ಮೇಲೆ ಓಡಿಸಿದ್ದರೆ ಒಂದು ವಾರದ ಕೆಲಸ.

ದೊಡ್ಡವರಿಗೂ ಈ ಏಟು ತಪ್ಪಿಲ್ಲ. ಬಾಲ್ಡೂರ್ಸ್ ಗೇಟ್ 3 ಎಂಬ ದೊಡ್ಡ ಗೇಮ್ ಪಿಸಿಗೆ ಬಂದದ್ದು 2023ರ ಆಗಸ್ಟ್‌ನಲ್ಲಿ, ಮೈಕ್ರೋಸಾಫ್ಟ್‌ನ ಕನ್ಸೋಲ್ ಎಕ್ಸ್‌ಬಾಕ್ಸ್‌ಗೆ ಡಿಸೆಂಬರ್‌ನಲ್ಲಿ. ತಡ ಆಗಿದ್ದು ಎಕ್ಸ್‌ಬಾಕ್ಸ್‌ನ ಸಣ್ಣ ಮಾದರಿ ಸೀರೀಸ್ ಎಸ್‌ನಲ್ಲಿ ಪರದೆ ಎರಡು ಭಾಗ ಮಾಡಿ ಇಬ್ಬರು ಆಡುವ ಸೌಲಭ್ಯ ಕೂಡಿಬರದೆ. ಆ ಪೆಟ್ಟಿಗೆಗೆ 10 ಜಿಬಿ ಮೆಮೊರಿ, ಅದರ ಅಣ್ಣ ಸೀರೀಸ್ ಎಕ್ಸ್‌ಗೆ 16. ಕೊನೆಗೆ ಸೀರೀಸ್ ಎಸ್‌ನಲ್ಲಿ ಆ ಸೌಲಭ್ಯ ಇಲ್ಲದೆಯೇ ಬಿಡುಗಡೆ ಆಯಿತು. ಅದು ಹ್ಯಾಂಡ್‌ಹೆಲ್ಡೂ ಅಲ್ಲ, ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವಂಥದ್ದು. ಇನ್ನು ಮೊದಲ ಸ್ವಿಚ್‌ನಲ್ಲಿ ಇದ್ದದ್ದು ಒಟ್ಟು 4 ಜಿಬಿ.

ಬ್ಯಾಟರಿಯ ಪಾಠ ಕಲಿಸಿದ್ದು ನಮ್ಮ ಅಕ್ಕನ ಮಗ. ಒಂದು ಭಾನುವಾರ ಅವನ ಕೈಗೆ ಡೆಕ್ ಕೊಟ್ಟು ಹುಬ್ಬಳ್ಳಿಯ ಹೊಸೂರಿನಲ್ಲಿ ಧಾರವಾಡದ ಚಿಗರಿ ಬಸ್ ಹತ್ತಿದೆ. ಹತ್ತುವಾಗ 80 ಪರ್ಸೆಂಟ್ ಇತ್ತು. ಧಾರವಾಡದ ಜುಬಿಲಿ ಸರ್ಕಲ್ ಮುಟ್ಟುವಷ್ಟರಲ್ಲಿ 45. ನಡುವೆ ನವನಗರದ ಹತ್ತಿರ ಅವನು, "ಮಾಮಾ, ಇದು ಬಿಸಿ ಆಗೇತಿ, ತೊಡಿ ಮ್ಯಾಲ ಇಟ್ಕೊಳ್ಳಾಕ ಆಗವಲ್ದು" ಅಂದ. ಮೊದಲ ಡೆಕ್‌ನ ಬ್ಯಾಟರಿ 40 ವ್ಯಾಟ್-ಅವರ್, ಅಂದರೆ 40 ವ್ಯಾಟ್ ಎಳೆದರೆ ಒಂದೇ ತಾಸು. ಚಿಪ್ಪಿಗೆ ಸಿಗುವುದು ಹೆಚ್ಚೆಂದರೆ 15 ವ್ಯಾಟ್, ನಾವು ಅಷ್ಟನ್ನೂ ಕುಡಿಯುತ್ತಿದ್ದೆವು. ಅದರ ಮೇಲೆ ಪರದೆ, ಫ್ಯಾನು. ಸೆಕೆಂಡಿಗೆ 60 ಫ್ರೇಮಿನ ಹಟ ಬಿಟ್ಟು 40ಕ್ಕೆ ಕಟ್ಟಿದೆವು. ಆ ಮೊದಲ ಡೆಕ್‌ನ ಪರದೆಯನ್ನೂ 40 ಹರ್ಟ್ಜ್‌ಗೆ, ಅಂದರೆ ಸೆಕೆಂಡಿಗೆ 40 ಸಲ ಚಿತ್ರ ಬದಲಿಸುವಂತೆ, ಇಳಿಸಬಹುದು. ಆಗ ಫ್ರೇಮಿಗೆ 25 ಮಿಲಿಸೆಕೆಂಡು ಸಿಗುತ್ತೆ. 30ಕ್ಕೂ 60ಕ್ಕೂ ಸರಿಯಾಗಿ ನಡುವಿನ ಸಮಯ ಅದು. ಕಣ್ಣಿಗೂ ಹಿತ, ತೊಡೆಗೂ ಹಿತ.

ಬಿಸಿಲಿನ ಮಾತು ಬೇರೆಯೇ. ಸ್ವಿಚ್ ಅನ್ನು 5ರಿಂದ 35 ಡಿಗ್ರಿ ನಡುವೆ ಬಳಸಿ ಅನ್ನುತ್ತೆ ನಿಂಟೆಂಡೋ. ಏಪ್ರಿಲ್‌ನಲ್ಲಿ ನಮ್ಮ ಮಾಳಿಗೆ ಕೋಣೆಗೆ ಬಂದು ಒಂದು ತಾಸು ಕುಳಿತು ನೋಡಲಿ.

ಇಂಗ್ಲಿಷಿನವರಿಗೆ ಇಲ್ಲದ ಒಂದು ಕಷ್ಟ ನಮಗಿದೆ, ಒತ್ತಕ್ಷರ. ಇಂಗ್ಲಿಷ್ ಅಕ್ಷರ 18 ಪಿಕ್ಸೆಲ್ ಎತ್ತರದಲ್ಲಿ ಏಳು ಇಂಚಿನ ಪರದೆ ಮೇಲೆ ಚೆನ್ನಾಗಿಯೇ ಓದಿಸಿಕೊಳ್ಳುತ್ತೆ. ಅದೇ ಅಳತೆಯಲ್ಲಿ "ಲಕ್ಷ್ಮೀ ಸ್ಟೋರ್ಸ್" ಅಂತ ಬರೆದರೆ ಕ್ಷ ಕೆಳಗಿನ ಮ ಒತ್ತು ಒಂದು ಚುಕ್ಕೆ ಆಗುತ್ತೆ. ಟಿವಿಯಲ್ಲಿ ನಮಗೆ ಇದು ಗೊತ್ತೇ ಆಗಿರಲಿಲ್ಲ. ಅಕ್ಷರ 28ಕ್ಕೆ ಏರಿಸಿದೆವು, ಸಾಲುಗಳ ನಡುವೆ ಜಾಗ ಬಿಟ್ಟೆವು, ಮಾತಿನ ಪೆಟ್ಟಿಗೆಗಳು ದೊಡ್ಡವಾದವು. ಆಮೇಲೆ ಸಂಭಾಷಣೆಯನ್ನೇ ಕತ್ತರಿಸಬೇಕಾಯಿತು. ಕತ್ತರಿಸಿದ ಮೇಲೆ ಸಂಭಾಷಣೆ ಚುರುಕಾಯಿತು, ಅದನ್ನು ಬರೆದವನು ನಾನೇ ಆದ್ದರಿಂದ ಒಪ್ಪಿಕೊಳ್ಳಲು ಎರಡು ದಿನ ಬೇಕಾಯಿತು.

ಹ್ಯಾಂಡ್‌ಹೆಲ್ಡ್ ಅಂದರೆ ಮೊದಲಿಂದಲೂ ಈ ಚೌಕಾಸಿಯೇ. ನಿಂಟೆಂಡೋದ 1989ರ ಹ್ಯಾಂಡ್‌ಹೆಲ್ಡ್ ಗೇಮ್ ಬಾಯ್‌ಗೆ ಬಣ್ಣ ಇರಲಿಲ್ಲ. 160 x 144 ಪಿಕ್ಸೆಲ್, ನಾಲ್ಕು ಛಾಯೆ, ನಾಲ್ಕು ಪೆನ್‌ಸೆಲ್. ಸೆಗಾದ ಗೇಮ್ ಗೇರ್ ಬಣ್ಣದ ಪರದೆ ತಂದಿತು. ಆರು ಸೆಲ್ ಹಾಕಿದರೂ ಮೂರರಿಂದ ಐದು ತಾಸು. ಜಾಸ್ತಿ ಮಾರಾಟ ಆದದ್ದು ಗೇಮ್ ಬಾಯೇ ಅಂತ ಹೇಳಬೇಕಿಲ್ಲ ಅಲ್ವಾ. ಗೇಮ್ ಬಾಯ್ ಹಿಂದಿದ್ದ ಗುನ್ಪೇ ಯೊಕೊಯ್, ಅಗ್ಗವಾಗಿ ಸಿಗುವ, ಚೆನ್ನಾಗಿ ಪಳಗಿದ ಹಳೆ ಭಾಗಗಳಲ್ಲೇ ಹೊಸದು ಹುಡುಕುವ ಮನುಷ್ಯ.

ಬೆಂಗಳೂರಿನ ಗೆಳೆಯರಿಗೆ ಇಷ್ಟೆಲ್ಲ ಫೋನಿನಲ್ಲಿ ಹೇಳಲಾಗಲಿಲ್ಲ. ಅವರ ಗೇಮ್ ಇನ್ನೂ ಪಿಸಿ ಮೇಲಷ್ಟೇ ಓಡುತ್ತಿದೆಯಂತೆ, ಬೇರೆ ಯಂತ್ರಗಳಿಗೆ ಒಗ್ಗಿಸುವ ಪೋರ್ಟ್ ಕೆಲಸ ಕೊನೆಗೆ ನೋಡೋಣ ಅಂದರು. ಈ ಬರಹ ಓದಿದರೆ ಅವರಿಗೆ ಅರ್ಥವಾಗುತ್ತೆ.

ನಮ್ಮ ಆರ್ಟಿಸ್ಟ್ ಈಗ ಸಂತೆಗೆ ಮಳೆ ಬೇಕೇ ಬೇಕು ಅಂತ ಕೂತಿದ್ದಾನೆ. ಮಳೆ ಅಂದರೆ ಪರದೆ ತುಂಬಾ ಅರೆಪಾರದರ್ಶಕ ಗೆರೆಗಳು, ಅದರ ನಡುವೆ ಭಜಿ ಅಂಗಡಿಯ ಹೊಗೆ ಬೇರೆ. ಬೇಡ ಅನ್ನಲಿಲ್ಲ. ಇವತ್ತು ಸಂಜೆಯೊಳಗೆ ಎಷ್ಟು ಬರುತ್ತೋ ಅಷ್ಟು ಮಳೆ ಮಾಡಿ ಕೊಡು, ಡೆಕ್ ಚಾರ್ಜಿಗೆ ಹಾಕಿರ್ತೀನಿ ಅಂದಿದ್ದೇನೆ.